ಒಡಪು ಹಾಕಿದ ಸಾಕ್ಷಿ

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅಂಥ ಬಾಯಿಗೂ ಹೊಸಪೇಟೆ ಕೋರ್ಟಿನ ಕಟಕಟೆಯಲ್ಲಿ ಬೀಗ ಬಿತ್ತು.

ನಮ್ಮ ಯಜಮಾನರು ಸಂಡೂರಿನ ಗಣಿ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಅದಿರಿನ ಲಾರಿ ಗುದ್ದಿ ತೀರಿಕೊಂಡರು. ಪರಿಹಾರಕ್ಕೆ ಕೇಸು ಹಾಕಿದೆವು. ಅಪಘಾತವಾದಾಗ ನಾನು ಕಾಯಿಲೆ ಬಿದ್ದ ಅವ್ವನನ್ನು ನೋಡಿಕೊಳ್ಳಲು ಕಂಪ್ಲಿಯ ತವರಿನಲ್ಲಿದ್ದೆ. ವಿಮೆ ಕಂಪನಿಯ ವಕೀಲರಿಗೆ ಅಷ್ಟೇ ಸಾಕಾಯಿತು. ಈಕೆ ಗಂಡನನ್ನು ಬಿಟ್ಟು ಹೋದವಳು, ಈಗ ದುಡ್ಡಿಗೆ ಬಂದಿದ್ದಾಳೆ ಎಂದು ವಾದ ಹೂಡಿದರು. ದುಡ್ಡು ಹೋದರೆ ಹೋಗಲಿ ಎನ್ನುವಷ್ಟು ದೊಡ್ಡವಳೇನಲ್ಲ ನಾನು. ಆದರೆ 'ಬಿಟ್ಟವಳು' ಎಂಬ ಮಾತಿಗೆ ಮೈಯೆಲ್ಲ ಉರಿಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರೂ ಮಾತು ಬಲ್ಲವರೇ, ಜಗಳಕ್ಕೇನೂ ಕೊರತೆಯಿರಲಿಲ್ಲ. ಜಗಳಾಡಿದ ಮಾತ್ರಕ್ಕೆ ಬಿಟ್ಟು ಹೋಗುತ್ತಾರೆಯೇ?

"ನಿಮ್ಮ ಗಂಡನ ಹೆಸರು ಹೇಳ್ರಿ" ಎಂದರು ವಕೀಲರು.

ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ನಮ್ಮಲ್ಲಿ ಹೆಂಗಸರು ಅದನ್ನು ಹೇಳುವುದಿಲ್ಲ. ಕಡಿಮೆಯಾಗಲು ಈಗ ಆಯುಷ್ಯ ಎಲ್ಲಿತ್ತು? ಆದರೂ ನಾಲಿಗೆ ಹೊರಳಲಿಲ್ಲ.

"ನೋಡ್ರಿ ಸ್ವಾಮಿ, ಗಂಡನ ಹೆಸರೂ ಬಾಯಿಗೆ ಬರವಲ್ದು!" ಎಂದು ವಕೀಲರು ಆಗಲೇ ಗೆದ್ದವರಂತೆ ನಕ್ಕರು.

ಹಿಂದಿನ ಬೆಂಚಿನಿಂದ ನನ್ನ ನಾದಿನಿ ಕೂಗಿದಳು: "ಅತ್ತಿಗೀ, ಒಡಪು ಹಾಕಿ ಹೇಳ್ರಿ!"

ಹೌದಲ್ಲ! ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿದರೆ ದೋಷವಿಲ್ಲ. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವುದೇ ಹಾಗೆ. ಸೆರಗು ಸರಿಮಾಡಿಕೊಂಡು ಶುರು ಮಾಡಿದೆ:

"ಸಂಡೂರ ಹಾದ್ಯಾಗ ಕೆಂಪನ್ನ ಧೂಳ,
ನಮ್ಮ ಮನ್ಯಾಗ ......ರ ಗದ್ದಲ ಭಾಳ!"

ಚುಕ್ಕಿ ಇಟ್ಟ ಕಡೆ ಅವರ ಹೆಸರು. ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರೂ ನಕ್ಕು, "ಬಿಟ್ಟು ಹೋದವರು ಹಿಂಗ ಒಡಪು ಹಾಕ್ತಾರೇನ್ರಿ ವಕೀಲರ?" ಎಂದರು. ವಕೀಲರು ಕಾಗದ ಮಡಚಿಕೊಂಡು ಕೂತರು. ನನಗೆಷ್ಟು ಹಿಗ್ಗಾಯಿತೆಂದರೆ, ಮನೆಗೆ ಹೋದ ಕೂಡಲೇ ಇದನ್ನು ನಮ್ಮ ಯಜಮಾನರ ಮುಂದೆ ಹೇಳಬೇಕು ಎಂದುಕೊಂಡೆ.

ನನ್ನ ಹೇಳಿಕೆಯನ್ನು ಟೈಪ್ ಮಾಡುತ್ತಿದ್ದ ಹುಡುಗಿ ತಲೆ ಎತ್ತಿದಳು. "ಅಮ್ಮಾ, ಮನ್ಯಾಗ ಗದ್ದಲ ಭಾಳ ಐತಿ ಅಂತ ಹೊಡೀಲೋ, ಇತ್ತು ಅಂತಲೋ?"

ನಗು ನಿಂತಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇತ್ತವ್ವಾ" ಎಂದೆ. "ಇತ್ತು ಅಂತ ಹೊಡಿ."