ಜವಳು, ಜೌಗು

ಶನಿವಾರ ಅಪ್ಪ ನಾನು ಮಾಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಬೆಂಗಳೂರಿಗೆ ಬಂದು ರೊಟ್ಟಿ ಬಡಿಯೋದು ಮರತಿ ಬಿಡವಾ" ಎಂದು ನಕ್ಕಿದ್ದರು. ಅವರು ಬಾಗಲಕೋಟೆ ಕಡೆಯ ನಮ್ಮೂರಿನಿಂದ ಯಲಹಂಕದ ನನ್ನ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಊಟವಾದ ಮೇಲೆ ಹೊಲದ ಮಾತು ಬಂತು. ಕಾಲುವೆ ಬಂದ ಮೇಲೆ ನಮ್ಮ ಹೊಲದ ಕೆಳತುದಿ ಜವಳಾಗಿದೆ. ನೀರು ಅಡಿಯಿಂದ ಏರಿ ಮೇಲೆ ಉಪ್ಪು ಬಿಡುತ್ತದೆ. ಆದರೆ ಬೇಸಿಗೆಯಲ್ಲಿ ಒಣಗಿ ಬಿರಿದರೆ ಅಲ್ಲಿ ಚಕ್ಕಡಿಗಾಡಿಯನ್ನೂ ಹೊಡೆಯಬಹುದು ಎಂದರು. ಅವರು ನೆಲವನ್ನು ಕಣ್ಣಿನಿಂದಲೇ ಅಳೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಮನೆಯ ಹಿಂದಿನ ಕೆರೆಗೆ ಹೋದೆವು. ನೀರು ಹಿಂದೆ ಸರಿದ ಕಡೆ ಮಣ್ಣು ಬಿರುಕು ಬಿಟ್ಟಿತ್ತು. ಯಲಹಂಕದ ಹಳೆಯ ಊರಿನ ಹೆಂಗಸೊಬ್ಬರು ಹಸುವಿಗೆ ಜೊಂಡು ಕೊಯ್ಯುತ್ತಿದ್ದರು. ಕೋಲಿನಿಂದ ಮುಂದೆ ಚುಚ್ಚಿ ನೋಡಿ, ಜೊಂಡಿನ ಬುಡದ ಮೇಲಷ್ಟೇ ಕಾಲಿಡುತ್ತಿದ್ದರು. ಅಪ್ಪ ಜೊಂಡನ್ನು ಬಿಟ್ಟು, ಒಣಗಿದ ಬಯಲಿನ ಮೇಲೆ ನೇರವಾಗಿ ಆಚೆ ದಾರಿಗೆ ಹೊರಟರು.

"ಅತ್ಲಾಗೆ ಓಗ್ಬ್ಯಾಡಿ ಯಜಮಾನ್ರೇ, ಜೌಗೈತೆ."

"ಇಂಥಾ ನೆಲದಾಗ ಹುಟ್ಟಿ ಬೆಳದಾಂವ ನಾ, ತಾಯಿ."

ಜೌಗು ಎಂದರೆ ಅಪ್ಪನ ಜವಳಲ್ಲ, ಅಡಿಯಲ್ಲಿ ಕೆಸರು ಎಂದು ನನಗೆ ಅರ್ಥವಾಗಿತ್ತು. ಹತ್ತು ವರ್ಷದಿಂದ ಇಲ್ಲಿದ್ದೇನೆ. ಆದರೂ ಪರರ ಮುಂದೆ ಅಪ್ಪನಿಗೆ ಎದುರಾಡಬಾರದು ಎಂದು ಸುಮ್ಮನಿದ್ದೆ.

ಏಳೆಂಟು ಹೆಜ್ಜೆಗೆ ಮೇಲಿನ ಒಣ ಪದರ ಒಡೆಯಿತು. ಅಪ್ಪ ತೊಡೆಯವರೆಗೆ ಇಳಿದರು. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಇಳಿಯುತ್ತಿತ್ತು. ನಾನು ಓಡಿದೆ. ಆ ಹೆಂಗಸು ನನ್ನ ರಟ್ಟೆ ಹಿಡಿದು ಎಳೆದು, ನೀನೂ ಹೋದರೆ ಇಬ್ಬರನ್ನು ಎಳೆಯುವವರು ಯಾರು ಎಂದು ಗದರಿದರು. ಜೊಂಡಿನ ಹೊರೆಗಳನ್ನು ಒಂದರ ಮುಂದೊಂದು ಹಾಸಿದರು. ನಾನು ಅದರ ಮೇಲೆ ಹೊಟ್ಟೆಯೂರಿ ತೆವಳುತ್ತ ಹೋದೆ. ಹೊರೆ ಕಟ್ಟುವ ಹಗ್ಗವನ್ನು ಎಸೆದೆ, ಅಪ್ಪನಿಗೆ ಇನ್ನೂ ಎಟುಕುತ್ತಿರಲಿಲ್ಲ.

"ಅಪ್ಪಾ, ಹಿಂದಕ್ಕ ಮಕ್ಕೋರಿ."

ಅವರು ಮಲಗಲಿಲ್ಲ. ನಿಂತೇ ಇದ್ದರು. ಕೆಸರು ಎದೆಗೆ ಬಂದಾಗ ಒರಗಿದರು, ಆಗ ಬಾಯಿ ಮೂಗಿನಲ್ಲಿ ಕೆಸರುನೀರು ತುಂಬಿತು. ವಾಕಿಂಗ್ ಬಂದವರೂ ನಾವೂ ಸೇರಿ ಹಗ್ಗ ಹಾಕಿ ಎಳೆದೆವು. ಹೊರಗೆ ಬಂದಾಗ ಉಸಿರಿತ್ತು.

ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ಸೋಂಕು ಎಂದರು. ಎಂಟು ದಿನ ಇದ್ದರು. ಒಂಬತ್ತನೆಯ ದಿನ ತೀರಿಕೊಂಡರು.

ಆಮೇಲೆ ನಾನು ಕೆಲಸ ಮಾಡುವ ಕಾಲೇಜಿನಲ್ಲಿ ನಿಘಂಟು ತೆಗೆದು ನೋಡಿದೆ. ಜವುಗು ಎಂಬುದೇ ಜೌಗು ಆಗಿದೆ. ಅದು ಬರೀ ಜಾಗದ ಹೆಸರಲ್ಲ, ನೆಲ ಮಾಡುವ ಕೆಲಸವೂ ಹೌದು: ಒಸರುವುದು, ನೆನೆದು ಮೆತ್ತಗಾಗುವುದು. ನಮ್ಮ ಕಡೆಯ ಜವಳೂ ಅದೇ ಬೇರಿನದಿರಬಹುದು, ಖಚಿತವಾಗಿ ಹೇಳುವಷ್ಟು ನಾನು ಓದಿಲ್ಲ. ಜವಳು ಎನ್ನುವಾಗ ನಮ್ಮವರು ಮೇಲೆ ಉಳಿದ ಉಪ್ಪನ್ನು ನೋಡುತ್ತಾರೆ. ಇಲ್ಲಿಯವರು ಅಡಿಯಲ್ಲಿ ಒಸರುವ ನೀರನ್ನು ನೆನಪಿಟ್ಟುಕೊಂಡಿದ್ದಾರೆ.

ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನೇ ನೋಡುತ್ತಿದ್ದರು. ಬಾಯಲ್ಲಿ ಕೊಳವೆ ಇತ್ತು. ಅಂದು ನಾನು ಯಾಕೆ ತಡೆಯಲಿಲ್ಲ ಎಂದು ಅವರಿಗೆ ಅನ್ನಿಸಿತ್ತೋ ಇಲ್ಲವೋ, ಆ ಒಂದು ಮಾತು ನನಗೆ ಸಿಗಲೇ ಇಲ್ಲ.