ಅವಕೆಂಪಿನ ತಿದ್ದುಪಡಿ

ಕನ್ನಡ ಅಧ್ಯಾಪಕಿಯಾಗಿದ್ದ ನಾನು ನಿವೃತ್ತಳಾಗಿ ಶಾಲೆಯನ್ನು ಬಿಟ್ಟರೂ ಕೆಂಪು ಶಾಯಿಯ ಪೆನ್ನು ನನ್ನ ಕೈಚೀಲವನ್ನು ಬಿಡಲಿಲ್ಲ. ಬಜಗೋಳಿಯ ಅಂಗಡಿಯೊಂದರ ಹಲಗೆಯಲ್ಲಿ ‘ಇಲ್ಲಿ ಎಳನೀರು ದೊರೆಯುತ್ತವೆ’ ಎಂದಿದ್ದುದನ್ನು ಕಂಡು, ಕರ್ತೃಪದಕ್ಕೂ ಕ್ರಿಯಾಪದಕ್ಕೂ ವಚನಸಾಮ್ಯ ಇರಬೇಕೆಂದು ಅಂಗಡಿಯವನಿಗೆ ವಿವರಿಸುತ್ತಿದ್ದಾಗ ಕಾರ್ಕಳದ ಬಸ್ಸು ನನ್ನನ್ನು ಬಿಟ್ಟು ಹೊರಟುಹೋದದ್ದುಂಟು. ಇಂತಹ ನನ್ನ ಕೈಗೆ ಅಕ್ಕನ ಮಗಳು ಶ್ರಾವ್ಯ ತನ್ನ ಉಪನ್ಯಾಸದ ಹಾಳೆಗಳನ್ನು ತಿದ್ದಲು ಕೊಟ್ಟದ್ದು ಅವಳ ಮುಗ್ಧತೆಯೋ ನನ್ನ ಗ್ರಹಚಾರವೋ, ಓದುಗರೇ ನಿರ್ಣಯಿಸಬೇಕು.

ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿರುವ ಅವಳ ವಿಷಯ, ದೂರದ ಗೆಲಾಕ್ಸಿಗಳ ಕೇಂದ್ರಗಳಲ್ಲಿ ಧೂಳಿನ ಮರೆಯಲ್ಲಿರುವ ಕಪ್ಪುರಂಧ್ರಗಳು. ಅವನ್ನು ಪತ್ತೆಹಚ್ಚುವ ಸಾಧನ, ಇಂಗ್ಲಿಷಿನಲ್ಲಿ ಇನ್‌ಫ್ರಾರೆಡ್ ಎನ್ನುವ ಅವಕೆಂಪು ಬೆಳಕು. ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ ಬನ್ನಂಜೆಯ ಅಕ್ಕನಿಗೆ ಉತ್ತರ ಹೊಳೆಯುವುದಿಲ್ಲ. ಮಣಿಪಾಲವೆಂದರೆ ಆಸ್ಪತ್ರೆ ಎಂದುಕೊಂಡ ಅರ್ಧ ಬೀದಿ ಶ್ರಾವ್ಯಳನ್ನು ನರ್ಸ್ ಎಂದೇ ನಂಬಿದೆ. ಆದ್ದರಿಂದ ಕಾಪುವಿನ ಶಾಲೆಯೊಂದರಲ್ಲಿ ಕನ್ನಡದಲ್ಲಿ ಮಾತನಾಡುವ ಮೊದಲು ಅಮ್ಮನಿಗೆ ಓದಿ ಹೇಳುವುದು, ಅಮ್ಮನಿಗೆ ತಿಳಿಯದಿದ್ದರೆ ಉಪನ್ಯಾಸವನ್ನೇ ಕೈಬಿಡುವುದು ಎಂದು ಶ್ರಾವ್ಯ ನಿಶ್ಚಯಿಸಿದ್ದಳು.

ನನ್ನ ಕಣ್ಣಿಗೆ ಬಿದ್ದದ್ದು ಎರಡು ಅರಿಸಮಾಸಗಳು ಮಾತ್ರ. ಸಂಸ್ಕೃತದ ‘ಅವ’ಕ್ಕೂ ಕನ್ನಡದ ಕೆಂಪಿಗೂ, ಕನ್ನಡದ ಕಪ್ಪಿಗೂ ಸಂಸ್ಕೃತದ ರಂಧ್ರಕ್ಕೂ ನಡೆದಿದ್ದ ಈ ಅಶಾಸ್ತ್ರೀಯ ವಿವಾಹಗಳನ್ನು ರದ್ದುಪಡಿಸಿ, ಸಂಸ್ಕೃತದಲ್ಲಿ ರಕ್ತವೆಂದರೆ ಕೆಂಪು, ಕೃಷ್ಣವೆಂದರೆ ಕಪ್ಪು ಎಂಬ ಆಧಾರದಿಂದ ‘ಅವರಕ್ತ’, ‘ಕೃಷ್ಣರಂಧ್ರ’ ಎಂಬ ಶುದ್ಧ ಜೋಡಿಗಳನ್ನು ಕೂಡಿಸಿ ಕೃತಾರ್ಥಳಾದೆ.

ಭಾನುವಾರ ಮಧ್ಯಾಹ್ನ, ಬಸಳೆ ಸೊಪ್ಪು ಬಿಡಿಸುತ್ತಿದ್ದ ಅಕ್ಕನ ಮುಂದೆ ಶ್ರಾವ್ಯ ಓದತೊಡಗಿದಳು: “ಕೃಷ್ಣರಂಧ್ರವನ್ನು ಧೂಳು ಮುಚ್ಚಿರುವುದರಿಂದ...”

“ಕೃಷ್ಣಮಠದ ಕಿಂಡಿಯಾ?” ಅಕ್ಕ ಕೇಳಿದಳು. “ನಾನು ಮೊನ್ನೆ ಕೃಷ್ಣನನ್ನು ನೋಡಿ ಬಂದೆ. ಧೂಳೆಂತ ಇರಲಿಲ್ಲ ಮಾರಾಯ್ತಿ.”

“ಅದಲ್ಲ ಅಮ್ಮ. ಅವರಕ್ತದ ಪರೀಕ್ಷೆಯಿಂದ...”

“ಯಾರ ರಕ್ತ?”

ಶ್ರಾವ್ಯ ಹಾಳೆಗಳನ್ನು ಮಡಚಿ ನನ್ನತ್ತ ತಿರುಗಿದಳು. “ನಾನು ಕಾಪುವಿಗೆ ಹೋಗುವುದಿಲ್ಲ ಚಿಕ್ಕಿ.”

ಅಪರಾಧಿಯಾದ ನಾನು ನನ್ನದೇ ಗೊಂದಲವನ್ನು ಮುಂದಿಟ್ಟೆ. ಬೆಳಕನ್ನೇ ಬಿಟ್ಟುಕೊಡದ ವಸ್ತು. ಅದೂ ಧೂಳಿನಿಂದಾಗಿ ಕಾಣದು. ನೋಡಲು ಬಳಸುವ ಬೆಳಕೋ, ಕಣ್ಣಿಗೇ ಕಾಣದು. ಎರಡು ನಕಾರಗಳು ಸೇರಿದರೆ ಸಕಾರವಾಗುವುದನ್ನು ಬಲ್ಲೆ; ಮೂರು ನಕಾರಗಳಿಂದ ನೋಟವೊಂದು ಹೇಗೆ ಸಿದ್ಧಿಸುತ್ತದೆ?

ಅವಳು ಹಾಳೆ ನೋಡದೆ ಹೇಳಿದಳು: “ರಂಧ್ರ ಕಾಣುವುದೇ ಇಲ್ಲ ಚಿಕ್ಕಿ. ಅದರೊಳಗೆ ಬೀಳುವ ಮೊದಲು ಅನಿಲವೆಲ್ಲ ಸುತ್ತಿ ಸುತ್ತಿ ಕಾದು ಹೊಳೆಯುತ್ತದೆ. ಆ ಬೆಳಕನ್ನು ಧೂಳು ನುಂಗಿ ತಾನೂ ಬಿಸಿಯಾಗ್ತದೆ. ಆ ಬಿಸಿ ಹೊರಗೆ ಬರ್ತದಲ್ಲ, ಅದೇ ಅವಕೆಂಪು.”

“ಬಚ್ಚಲೊಲೆಯ ಬೂದಿಯ ಮೇಲೆ ಕೈ ಹಿಡಿದ ಹಾಗೆ,” ಎಂದಳು ಅಕ್ಕ. “ಕೆಂಡ ಕಾಣುವುದಿಲ್ಲ, ಉಂಟು ಅಂತ ಗೊತ್ತಾಗ್ತದೆ. ಇಷ್ಟಕ್ಕೆ ದುರ್ಬೀನು ಬೇಕಾ?”

“ದೂರ ಉಂಟಲ್ಲ ಅಮ್ಮ. ಕೈ ಎಟುಕುವುದಿಲ್ಲ.”

“ಅದು ಹೌದು.”

ಶ್ರಾವ್ಯ ತಾಯಿಯ ಮುಖವನ್ನೇ ಒಂದು ಕ್ಷಣ ನೋಡಿ ಹಾಳೆಗಳನ್ನು ಬಿಡಿಸಿದಳು; ನನ್ನ ಅನುಮತಿಯನ್ನು ಕೇಳದೆಯೇ ನನ್ನ ಶುದ್ಧ ಜೋಡಿಗಳನ್ನು ಹೊಡೆದುಹಾಕತೊಡಗಿದಳು. ಸಾಧುಶಬ್ದದಿಂದ ಆಗದಿದ್ದ ಅರ್ಥ ಅಸಾಧುಶಬ್ದದಿಂದ ಆದದ್ದು ಯಾವ ಸೂತ್ರದ ಪ್ರಕಾರವೆಂದು ನಾನು ಚಿಂತಿಸುತ್ತ ಕುಳಿತೆ. ಆ ಮೂರನೆಯ ನಕಾರವೂ ಇನ್ನೂ ಬಗೆಹರಿದಿರಲಿಲ್ಲ.

“ಕಾಪುವಿಗೆ ನಾನೂ ಬರ್ತೇನೆ,” ಎಂದು ಅಕ್ಕ ಮಗಳಿಗೆ ಹೇಳಿದಳು. “ಚಿಕ್ಕಿಯನ್ನೂ ಕರ್ಕೊಂಡು ಹೋಗುವ. ಅವಳಿಗಿನ್ನೂ ಅರ್ಥ ಆಗಿಲ್ಲ.”