ಗ್ಯಾಲಿ ಅಂದ್ರೆ ಅಡುಗೆಮನೆ
ಎರಡೂವರೆ ವರ್ಷವಾದರೂ ನನ್ನ ಮಗಳು ಐಲಿ ಒಂದು ಮಾತೂ ಆಡಿಲ್ಲವೆಂಬ ಚಿಂತೆ ಹೊತ್ತೇ ದಿನಾ ಅವಳೊಂದಿಗೆ ಸ್ಕೈ ದ್ವೀಪದ ಈ ದಂಡೆಗೆ ಬರುತ್ತೇನೆ. ಇಲ್ಲಿ ಟಾರ್ಕಿಲ್ ಅಜ್ಜನ ಬಾಯಿಗೆ ಬಿಡುವೇ ಇಲ್ಲ. ಹುಟ್ಟು, ಹಾಯಿ ಎರಡೂ ಇರುವ ಹಳೇ ಕಾಲದ ದೋಣಿಯನ್ನು ಊರವರು ಮತ್ತೆ ಕಟ್ಟಿದ್ದಾರೆ. ಅಜ್ಜ ಅದಕ್ಕೆ ಕಾವಲು. ದೋಣಿಗಿಂತ ಹೆಚ್ಚಾಗಿ ಅದರ ಹೆಸರಿಗೆ. ಪ್ರವಾಸಿಗಳು ಇಂಥ ದೋಣಿಗಿರುವ ಇಂಗ್ಲಿಷ್ ಹೆಸರು ಹಿಡಿದು ‘ಗ್ಯಾಲಿ’ ಅಂದರೆ ಸಾಕು, “ಗ್ಯಾಲಿ ಅಂದ್ರೆ ಹಡಗಿನ ಅಡುಗೆಮನೆ ಕಣಪ್ಪಾ, ಗಂಜಿ ಬೇಕಿದ್ರೆ ಅಲ್ಲಿಗೆ ಹೋಗು! ಇದು ಬಿರ್ಲಿನ್!” ಎಂದು ಗುಡುಗುತ್ತಾರೆ. “ಓ, ಬರ್ಲಿನ್ನಿಂದ ತಂದಿದ್ದಾ?” ಎಂದವನನ್ನು ಹುಟ್ಟು ಹಿಡಿದೇ ಅಟ್ಟಿದರು. ಅದರ ಇನ್ನೊಂದು ಇಂಗ್ಲಿಷ್ ಹೆಸರು ‘ಲಿಂಫಡ್’ ಅಂದವರಿಗಂತೂ, “ನಾವು ನಮ್ಮ ಭಾಷೇಲಿ ‘ಲಾಂಗ್ ಅಡ’, ಅಂದ್ರೆ ಉದ್ದ ದೋಣಿ ಅಂದಿದ್ದನ್ನ ಆ ಇಂಗ್ಲಿಷರು ಅರ್ಧ ಕಿವೀಲಿ ಕೇಳ್ಕೊಂಡ್ರು!” ಎಂಬ ಪಾಠ. ಕಡಲಹಕ್ಕಿ ಕೂಗಿದರೂ ಉಚ್ಚಾರ ತಿದ್ದುವ ಆಸಾಮಿ. “ಅಜ್ಜಾ, ನಿಮ್ಮ ಮಾತಲ್ಲಿ ಅರ್ಧ ಇವಳಿಗೆ ಕೊಡಿ” ಎಂದು ಇವತ್ತು ನಕ್ಕೆ. ಅವರು ನಗಲಿಲ್ಲ. “ನಂಗೂ ಐದು ವರ್ಷ ಆಗೋವರೆಗೂ ಮಾತು ಬಂದಿರ್ಲಿಲ್ಲ ಮಗಳೇ. ತಾನಾಗೇ ಬರುತ್ತೆ ಅಂತ ಎಲ್ರೂ ಸುಮ್ನಿದ್ರು. ಕೊನೆಗೆ ಒಬ್ಬ ಟೀಚರಮ್ಮ ಪಕ್ಕ ಕೂತು ಒಂದೊಂದೇ ಪದ ಬಾಯಿಗಿಟ್ರು. ಅದಕ್ಕೇ ಒಂದನ್ನೂ ಕೆಡೋಕೆ ಬಿಡಲ್ಲ.” ತಿಂಗಳುಗಳಿಂದ ಹೆದರಿ ಮುಂದೂಡಿದ್ದ ನಾನು ಅಲ್ಲೇ ನಿಂತು, ಮಕ್ಕಳಿಗೆ ಮಾತು ಕಲಿಸುವ ಡಾಕ್ಟರಿಗೆ ಫೋನ್ ಮಾಡಿದೆ. “ಜೋರಾಗಿ ಹೇಳು, ಗಾಳಿ ಇದೆ!” ಎಂದು ಅಜ್ಜ ಹಿಂದಿನಿಂದ ಕೂಗಿದರು.